ಐವತ್ತಮೂರನೇ ಸೋಮವಾರ

ರೋವನ್ ಹೌಸ್, ಒಂಬತ್ತನೇ ಮಹಡಿ,
ಥಾರ್ನ್‌ಶಾ
ಸೋಮವಾರ, 29 ಜನವರಿ 2024

ಮುಖ ಊದಿಸಿಕೊಂಡು ಕೂತಿರುವ ನನ್ನ ಮುದ್ದು ಲಿನೆಟ್‌ಗೆ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕೌನ್ಸಿಲ್ಲಿನ ಕಚೇರಿಯಲ್ಲಿ ಇಪ್ಪತ್ತು ವರ್ಷ ಬಾಡಿಗೆ ಲೆಕ್ಕ ನೋಡಿದವಳು ನೀನು, ಕೈಗೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವ ಚಟ ನಿನಗಿದೆ. ಅದನ್ನೇ ನಂಬಿ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಹನ್ನೊಂದನೇ ಮಹಡಿಯ ನಸ್ರೀನ್ ದಿನವೂ ಬಾಗಿಲು ತಟ್ಟಿ ಹಾಲು, ಬ್ರೆಡ್ಡು ಕೊಟ್ಟು ಹೋಗುತ್ತಾಳೆ. ಗುರುವಾರದ ಬಿಂಗೋ ಆಟಕ್ಕೆ ಹೋಗುತ್ತಿಲ್ಲ, ಮನಸ್ಸಿಲ್ಲ.

ಮೊದಲು ತಪ್ಪೊಪ್ಪಿಗೆ. ಆ ಭಾನುವಾರ ಊಟ ಮುಗಿಸಿ ನೀನು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದೆ. ಉಳಿದ ಸಿಹಿಯ ಡಬ್ಬಿ ಇಡಲು ನಿನ್ನ ಚೀಲ ತೆರೆದೆ ಎಂದು ಬರೆಯಬಹುದಿತ್ತು. ಇಲ್ಲ, ನೋಡಬೇಕೆಂದೇ ತೆರೆದೆ. ಕೌನ್ಸಿಲ್ ಬಾಡಿಗೆಗೆ ಕೊಟ್ಟಿರುವ ಮನೆಗಳ ಮೂವತ್ತು ವರ್ಷದ ಯೋಜನೆ ಅಲ್ಲಿತ್ತು. ನಮ್ಮ ರೋವನ್ ಹೌಸಿನ ಹೊಸ ಲಿಫ್ಟು ಮೂರನೇ ವರ್ಷದಲ್ಲಿತ್ತು. ಅದನ್ನು ಹೊಡೆದುಹಾಕಿ, ನಿನ್ನ ಮುದ್ದಾದ ಅಕ್ಷರದಲ್ಲಿ ‘ಹನ್ನೊಂದನೇ ವರ್ಷ’ ಎಂದು ಬರೆದಿತ್ತು. ಹನ್ನೊಂದನೇ ವರ್ಷಕ್ಕೆ ನನಗೆ ಎಂಬತ್ತೆಂಟು.

ನಿನ್ನನ್ನು ಎಬ್ಬಿಸಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ. ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು, ಮಂಗಳವಾರ ಬಾಡಿಗೆದಾರರ ಸಭೆಯಲ್ಲಿ ಎದ್ದುನಿಂತೆ. "ಏನ್ರೀ ಅಧಿಕಾರಿಗಳೇ, ವಾರಕ್ಕೆ ಆರೂವರೆ ಪೌಂಡ್ ಜಾಸ್ತಿ ಕೊಡಿ ಅಂತೀರಿ, ನಮ್ಮ ಲಿಫ್ಟನ್ನ ಮಾತ್ರ ಹನ್ನೊಂದನೇ ವರ್ಷಕ್ಕೆ ತಳ್ತೀರಿ. ಅಷ್ಟೊತ್ತಿಗೆ ನನ್ನನ್ನ ಕೆಳಗಿಳಿಸೋಕೆ ಲಿಫ್ಟ್ ಯಾಕೆ? ಹೊರೋಕೆ ಆರು ಜನ ಸಾಕು!" ಎಂದೆ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ. ಆಗ ನಿನ್ನ ಸಾಹೇಬ ಗ್ರಹಾಂ ನಿನ್ನ ಕಡೆ ತಿರುಗಿ, "ಆ ಹಾಳೆ ಇನ್ನೂ ಹೊರಗೇ ಬಂದಿಲ್ವಲ್ಲ. ಇವರಿಗೆ ಹೇಗೆ ಗೊತ್ತಾಯ್ತು?" ಎಂದು ಮೆಲ್ಲಗೆ ಕೇಳಿದ. ನಿನ್ನ ಮುಖ ನೋಡಿದ ಮೇಲೆ ನನಗೆ ಏನು ಮಾಡಿದೆನೆಂದು ತಿಳಿಯಿತು.

ಹೊರಗೆ ಕೋಟು ಹಾಕಿಕೊಳ್ಳುತ್ತಾ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಬೇರೆ ಯಾವ ಕಟ್ಟಡ ಆಗಿದ್ರೂ ಮೂರನೇ ವರ್ಷದಲ್ಲೇ ಬಿಡ್ತಿದ್ದೆ ಅಮ್ಮ. ನೀನಿರೋ ಕಟ್ಟಡ ಅಂತಲೇ ಹಿಂದಕ್ಕೆ ಹಾಕ್ದೆ. ಅವರಮ್ಮನಿಗೆ ಮಾಡ್ಕೊಂಡಳು ಅಂತ ಯಾರೂ ಆಡ್ಕೋಬಾರ್ದು ಅಂತ."

ಯಾರ ಉಪಕಾರವೂ ನಮಗೆ ಬೇಡ ಎಂದು ನಿನಗೆ ಕಲಿಸಿದವಳು ನಾನೇ, ಆದ್ದರಿಂದ ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ಆದರೆ ಒಂದು ಮಾತು. ಈ ಕಟ್ಟಡದಲ್ಲಿ ಎಂಬತ್ತಾರು ಮನೆಗಳಿವೆ. ಅವುಗಳಲ್ಲಿ ಎಂಬತ್ತೈದು ನಿನ್ನ ಅಮ್ಮನದಲ್ಲ.

ಬರುವ ಸೋಮವಾರ ನಿನ್ನ ಮೇಲೆ ವಿಚಾರಣೆಯಂತೆ. ಕೌನ್ಸಿಲ್ಲಿನಲ್ಲೇ ಕೆಲಸ ಮಾಡುವ ನಸ್ರೀನ್ ಹೇಳಿದಳು. ಇದರ ಜೊತೆ ಗ್ರಹಾಂಗೆ ಬರೆದ ಇನ್ನೊಂದು ಕಾಗದವಿದೆ. ಮಗಳು ಮಲಗಿದ್ದಾಗ ಅವಳ ಚೀಲ ತೆರೆದು ಓದಿದವಳು ನಾನು, ಅವಳು ತುಟಿ ಬಿಚ್ಚಿಲ್ಲ, ಇಂದಿನಿಂದ ಬಾಡಿಗೆದಾರರ ಸಮಿತಿಯಲ್ಲಿ ನಾನಿಲ್ಲ ಎಂದು ಸಹಿ ಹಾಕಿದ್ದೇನೆ. ಇಪ್ಪತ್ತೆರಡು ವರ್ಷ ಕೂತ ಕುರ್ಚಿ. ಬರೆಯುವಾಗ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಅಂಟುವುದಿಲ್ಲ ಎನ್ನುತ್ತಾರೆ, ಆದರೂ ಪ್ರಯತ್ನಿಸಬೇಕಲ್ಲ. ಅದನ್ನು ಅವನಿಗೆ ಕೊಡು. ಕೊಡದಿದ್ದರೆ ಅಂಚೆಯಲ್ಲಿ ಇನ್ನೊಂದು ಕಳಿಸುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತು.

ಈಗ ಕೆಲಸದ ವಿಷಯ. ಸಭೆಯಲ್ಲಿ ಎಲ್ಲರಿಗೂ ಹಂಚಿದ ನಿಮ್ಮ ವರದಿಯ ಏಳನೇ ಪುಟ ತೆಗೆ. ವಾರದ ಬಾಡಿಗೆಯನ್ನು ಐವತ್ತೆರಡರಿಂದ ಗುಣಿಸಿದ್ದೀಯ. ನನಗೆ ಈಗ ಹೊತ್ತು ಹೋಗದೆ, ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಇಳಿಸಿಕೊಂಡು ಕೂತೆ. ನಮಗೆ ಬಾಡಿಗೆ ಬೀಳುವುದು ಸೋಮವಾರ. ಈ ಸಲ ಬಾಡಿಗೆ ವರ್ಷ ಶುರುವಾಗುವ ಏಪ್ರಿಲ್ ಒಂದೂ ಸೋಮವಾರ, ಮುಗಿಯುವ ಮಾರ್ಚ್ ಮೂವತ್ತೊಂದೂ ಸೋಮವಾರ. ಒಣ ಬಟಾಣಿ ಇಟ್ಟು ಎರಡು ಸಲ ಎಣಿಸಿದೆ. ಐವತ್ತಮೂರು ಬರುತ್ತದೆ ಕಣೇ! ನಿನ್ನ ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ ಬಿಡು, ನಲವತ್ತೊಂದು ವರ್ಷ ಸೋಮವಾರ ಸೋಮವಾರ ಬಾಡಿಗೆ ಕಟ್ಟಿದ ನನಗೆ ಗೊತ್ತಾಗಬೇಕಲ್ಲ.

ಕೌನ್ಸಿಲ್ಲಿನ ಆರು ಸಾವಿರದ ಇನ್ನೂರು ಮನೆಗಳ ಒಂದು ವಾರದ ಬಾಡಿಗೆ ಐದು ಲಕ್ಷ ಪೌಂಡಿಗೂ ಮೇಲಾಗುತ್ತದೆ. ಲಿಫ್ಟಿಗೆ ನೀನು ಬರೆದದ್ದು ನಾಲ್ಕು ಲಕ್ಷ. ಒಂದು ವರ್ಷ ಬಾಡಿಗೆ ಏರಿಸದಿದ್ದರೆ ಆ ತೂತು ಮೂವತ್ತು ವರ್ಷವೂ ಮುಚ್ಚುವುದಿಲ್ಲ, ಹೆಣಿಗೆಯಲ್ಲಿ ಒಂದು ಕೊಂಡಿ ಬಿಟ್ಟ ಹಾಗೆ ಎಂದು ನನಗೆ ವಿವರಿಸಿದ್ದೆಯಲ್ಲ, ಇಲ್ಲಿ ಒಂದು ಕೊಂಡಿ ಹೆಚ್ಚಿಗೆ ಸಿಕ್ಕಿದೆ. ಪುಕ್ಕಟೆಯಾಗಿ ಸಿಕ್ಕಿದ್ದೇನಲ್ಲ. ಸರ್ಕಾರದ ನೆರವು ಐವತ್ತೆರಡು ವಾರಕ್ಕೇ ಬರುವವರು ಆ ಒಂದು ವಾರದ್ದನ್ನು ಸ್ವಂತ ಜೇಬಿನಿಂದ ಕಟ್ಟಬೇಕು. ಅವರಿಗೆ ಈಗಲೇ ತಿಳಿಸಿ, ವಾರಕ್ಕಿಷ್ಟು ಎಂದು ಕಟ್ಟಲು ಬಿಡಿ. ಅವರ ಹೊಟ್ಟೆ ಕಟ್ಟಿದ ದುಡ್ಡು ಲಿಫ್ಟಿಗಾದರೂ ಹೋಗಲಿ.

ಫೆಬ್ರವರಿ ಇಪ್ಪತ್ತೊಂದಕ್ಕೆ ಕೌನ್ಸಿಲ್ ಬಾಡಿಗೆ ನಿಗದಿ ಮಾಡುವಾಗ ಯಾರಿಂದಾದರೂ ಇದನ್ನು ಎತ್ತಿಸಬಹುದಿತ್ತು. ಇನ್ನೊಂದು ಸುತ್ತು ಚಪ್ಪಾಳೆ ಬೀಳುತ್ತಿತ್ತು. ಬೇಡ. ನೀನೇ ಕಂಡುಹಿಡಿದೆ ಎಂದು ನೀನೇ ತಿದ್ದಿಬಿಡು. ಬಾಡಿಗೆ ಏರಿಕೆಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ, ಅದು ಬೇರೆ ಜಗಳ.

ತಲೆ ತಗ್ಗಿಸಿರುವ,
ನಿನ್ನ ಅಮ್ಮ,
ವಿನಿಫ್ರೆಡ್

ಮರೆತಿದ್ದೆ: ಬಿಂಗೋಗೆ ಮನಸ್ಸಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಸಭೆಯಾದ ಎರಡನೇ ದಿನವೇ ಲಿಫ್ಟ್ ಕೆಟ್ಟಿತು, ಇವತ್ತಿಗೆ ಹದಿನೆಂಟು ದಿನ. ನನ್ನ ಮಂಡಿಗೆ ನೂರ ಅರವತ್ತೆರಡು ಮೆಟ್ಟಿಲು ಆಗುವುದಿಲ್ಲ. ಹೇಳಿದರೆ ಕನಿಕರಪಟ್ಟು ಬರುತ್ತೀಯ, ಸಿಟ್ಟು ಇಳಿದು ಬರಲಿ ಎಂದು ಸುಮ್ಮನಿದ್ದೆ. ಇನ್ನು ಸುಮ್ಮನಿರಲು ಆಗುತ್ತಿಲ್ಲ. ಭಾನುವಾರ ಬಾ. ಬರುವಾಗ ಮಾಂಸ ನೀನೇ ತಾ, ಆಲೂಗಡ್ಡೆ ನನ್ನ ಹತ್ತಿರ ಇದೆ. ಐದನೇ ಮಹಡಿಯಲ್ಲಿ ಒಂದು ಕುರ್ಚಿ ಹಾಕಿಸಿದ್ದೇನೆ, ಕೂತು ಸುಧಾರಿಸಿಕೊಂಡು ಬಾ.