ಹುಣಸೆಮರದ ಪಕ್ಕದ ಚುಕ್ಕಿಗೆರೆ

ನಂಜನಗೂಡು, ತಾಲ್ಲೂಕು ಕಚೇರಿ ಎದುರಿನ ಹೋಟೆಲು
೧೨-೨-೨೦೨೫

ಚಿರಂಜೀವಿ ಕುಮಾರನಿಗೆ ಅಪ್ಪನ ಆಶೀರ್ವಾದ.

ರಾಯಚೂರಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿತ್ತಲ್ಲ, ನಿಂತಿತೇ? ನಿಮ್ಮವ್ವನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ರೇಗುತ್ತೀಯ, ಅದಕ್ಕೇ ಈ ಕಾಗದ.

ನಿನ್ನ ಮಗಳು ಮಾನಸ ಕಾಲೇಜಿನ ಕೆಲಸಕ್ಕೆಂದು ನೂರು ವರ್ಷ ಹಿಂದಿನ ನಮ್ಮ ಕಡೆಯ ನಕ್ಷೆಯ ಪ್ರತಿ ತಂದಳು. ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಜಮೀನು ಅಳೆಯುವ ಸರಪಳಿ ಎಳೆಸಿದವನಲ್ಲವೇ, ಕನ್ನಡಕ ಏರಿಸಿ ಜಂಬದಿಂದ ಕೂತೆ. ಕಬಿನಿ ನಾಲೆ ಅದರಲ್ಲಿಲ್ಲ. ಈಗ ಬಸ್ಸು ನಿಲ್ಲುವ ಕಡೆ ಅದರಲ್ಲಿ ನೀರಿನ ಕಟ್ಟೆ ಇದೆ. ಎಲ್ಲ ಬಿಡಿಸಿ ಹೇಳುತ್ತಿದ್ದಾಗ ಅವಳ ಬೆರಳು ಒಂದು ಚುಕ್ಕಿಗೆರೆಯ ಮೇಲೆ ನಿಂತಿತು. ಕೇರಿಯಿಂದ ಹೊರಟು, ನಮ್ಮ ಹೊಲದ ಹುಣಸೆಮರದ ಪಕ್ಕದಲ್ಲೇ ಹಾದು, ಹೊಳೆದಂಡೆಯ ಸ್ಮಶಾನ ಮುಟ್ಟುವ ಗೆರೆ. "ಇದೇನು ತಾತ?" ಎಂದಳು. "ಏನೂ ಇಲ್ಲ ಕಣವ್ವ, ಹಾಳೆ ಮಡಿಚಿದ ಗುರುತು" ಅಂದುಬಿಟ್ಟೆ. ಅವತ್ತು ನನಗೆ ಊಟ ಸೇರಲಿಲ್ಲ.

ಅದು ಕೇರಿಯವರು ಹೆಣ ಹೊರುತ್ತಿದ್ದ ಕಾಲುದಾರಿ. ಎಂಬತ್ತೇಳರಲ್ಲಿ ನಮ್ಮೂರನ್ನು ನಾನೇ ಅಳೆದಾಗ ನನ್ನಪ್ಪ "ಅದೊಂದ ಬುಟ್ಬುಡ್ಲಾ ಬೆಟ್ಟಾ" ಅಂದರು. ಬಿಟ್ಟೆ. ಕಾಗದದಲ್ಲಿ ದಾರಿ ಇಲ್ಲವಾದ ಮೇಲೆ ಹೊಲಕ್ಕೆ ಬೇಲಿ ಬಂತು. ನಲವತ್ತು ವರ್ಷ ನಮ್ಮಲ್ಲಿ ಕಳೆ ಕಿತ್ತ ಮಾದಮ್ಮ ಹೋದ ತಿಂಗಳು ತೀರಿಕೊಂಡಳು. ಅವಳ ಮಗ ಮಾದೇಶ್ ಬೇಲಿಯ ಹತ್ತಿರ ನಿಂತು, "ನಮ್ಮವ್ವ ಗೇದ ಒಲ, ಇದೊಂದ್ಸಲ ದಾರಿ ಬುಡಿ ಸಾ" ಎಂದ. ನಾನು ತಲೆ ತಗ್ಗಿಸಿ ಮನೆ ಕಡೆ ನಡೆದೆ. ಅವರು ಹೆಣ ಹೊತ್ತು ಮೇನ್ ರೋಡು ಸುತ್ತಿ ಎರಡು ಮೈಲಿ ನಡೆದರು. ನಾಚಿಕೆಯಾಗುತ್ತದೆ ಕಣೋ.

ಮಾದೇಶ್ ದಾರಿಗಾಗಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದಾನೆ. ಅಳೆದವನು ನಾನೇ ಆದ್ದರಿಂದ ಇವತ್ತು ಹನ್ನೊಂದಕ್ಕೆ ನನ್ನ ಹೇಳಿಕೆ. ನಿಜ ಹೇಳಿದರೆ ನಿನ್ನ ಹೊಸ ಮನೆ ಹೋಗುತ್ತದೆ. ಆ ಹುಣಸೆಮರದ ಪಕ್ಕದಲ್ಲೇ ತಾನೆ ನೀನು ಪಾಯ ಹಾಕಿಸಿರುವುದು? ಪೂಜೆಯ ದಿನ ಕಾಯಿ ಒಡೆದವನು ನಾನು. ಆಗಲೂ ಬಾಯಿ ಬಿಡಲಿಲ್ಲ. ಏನು ಮಾಡಲೋ ತಿಳಿಯದೆ ಕಾಫಿ ಆರಿಸಿಕೊಂಡು ಕೂತಿದ್ದೇನೆ.

ಬಿಸಿಲಲ್ಲಿ ತಿರುಗಬೇಡ. ಸೊಸೆಗೂ ಹುಷಾರಾಗಿರಲು ಹೇಳು.

ನಿನ್ನ ಅಪ್ಪ,
ಬೆಟ್ಟಯ್ಯ

ತಾ.ಕ.: ಕಚೇರಿಗೆ ಹೋಗಿ ಬಂದೆ. ದಾರಿ ಇತ್ತು, ಅಳಿಸಿದವನು ನಾನೇ ಎಂದು ಬರೆಸಿ ಸಹಿ ಹಾಕಿದೆ. ಮೇಸ್ತ್ರಿಗೆ ಕೆಲಸ ನಿಲ್ಲಿಸಲು ಹೇಳಿದ್ದೇನೆ. ನನ್ನನ್ನು ಎಷ್ಟಾದರೂ ಬೈಯಿ, ಮಾದೇಶನನ್ನು ಬೈಯಬೇಡ. ಬಸ್ಸು ಬಂತು. ಮಾನಸ ಮನೆಯಲ್ಲಿದ್ದಾಳೆ, ಅದು ಮಡಿಚಿದ ಗುರುತಲ್ಲ ಎಂದು ಈಗ ಅವಳಿಗೆ ಹೇಳಬೇಕು. ಕಚೇರಿಯಲ್ಲಿ ಇಷ್ಟು ಹೆದರಿರಲಿಲ್ಲ.