ಮಡಿಸಿಟ್ಟ ಪೇಟಿ

ಅಲ್ ಮಬೇಲಾ, ಅಕ್ಟೋಬರ್ 2008

ಗೆಳೆಯ ಈರಣ್ಣ,

ನೀನು ಹೋದ ಸುದ್ದಿಯನ್ನು ನಿನ್ನ ಹೆಂಡತಿ ಶರಣವ್ವ ಫೋನಿನಲ್ಲಿ ತಿಳಿಸಿ ಇಂದಿಗೆ ಒಂಬತ್ತು ದಿನ. ಅಳುವಿನ ನಡುವೆಯೂ ಒಂದು ಮಾತು ಮರೆಯಲಿಲ್ಲ: "ಅಣ್ಣಾರ, ಆ ಪೇಟಿ ನಿಮ್ಮ ಹತ್ರನ ಇರ್ಲಿ ಅಂದಾರ."

ನಿನ್ನಪ್ಪ ನಾಟಕ ಕಂಪನಿಯಲ್ಲಿ ಕಾಲಿನಿಂದ ತಿದಿ ಒತ್ತುತ್ತಾ ನುಡಿಸುತ್ತಿದ್ದ ಹಾರ್ಮೋನಿಯಂ ಪೇಟಿ. ಕ್ಯಾಂಪಿನಿಂದ ಕ್ಯಾಂಪಿಗೆ ಒಯ್ಯಲೆಂದೇ ಮಾಡಿದ್ದು. ಯುರೋಪಿನಲ್ಲಿ ಮುನ್ನೂರು ವರ್ಷದ ಹಿಂದೆಯೇ ಊರೂರು ತಿರುಗುವ ವಾದಕರಿಗೆ ಮಡಿಸುವ ವಾದ್ಯ ಮಾಡಿದ್ದರಂತೆ ಎಂದು ನಾನು ಓದಿ ಹೇಳಿದರೆ ನೀನು ನಕ್ಕಿದ್ದೆ: "ಅವರಿಗೂ ಬಸ್ಸಿನ ಟಾಪ್ ಮ್ಯಾಲನ ಜಾಗ ಸಿಗತಿತ್ತೇನೋ?" ಈ ಗಲ್ಫ್ ನಾಡಿನ ಸೂರ್ ಪಟ್ಟಣದ ನಿನ್ನ ಮನೆಯಲ್ಲಿ ಶುಕ್ರವಾರಗಳಂದು ನಾನು ಕಂಡದ್ದೆಲ್ಲ ಬಿಚ್ಚಿ ನಿಂತ ಪೇಟಿಯನ್ನೇ. ಮಡಿಸಿದರೆ ಅದು ಬರೀ ಮರದ ಪೆಟ್ಟಿಗೆಯೆಂದು ನನಗೆ ಗೊತ್ತಿರಲಿಲ್ಲ.

2003ರ ರಾಜ್ಯೋತ್ಸವ. ನಿನ್ನ ಕೆಲಸ ಮುಗಿದಿತ್ತು, ಮುಂದಿನ ತಿಂಗಳು ಊರಿಗೆ ಹೊರಟಿದ್ದೆ. ಇಲ್ಲಿನ ಕನ್ನಡ ಸಂಘದವರು ಎರಡು ರೆಕಾರ್ಡ್ ಡ್ಯಾನ್ಸ್‌ಗಳ ನಡುವೆ ನಿನಗೆ ಹತ್ತು ನಿಮಿಷ ಭಿಕ್ಷೆ ಹಾಕಿದ್ದರು. ಪಿಕಪ್ಪಿನಲ್ಲಿ ಪೇಟಿ ತಂದು ವೇದಿಕೆಯ ಪಕ್ಕ ಇಟ್ಟು, ನೀನು ಮುಖ ತೊಳೆಯಲು ಹೋದೆ. ಕಾರ್ಯದರ್ಶಿ ಓಡಿಬಂದರು: "ಮಾರಾಯ್ರೆ, ಗೆಸ್ಟ್ ಬಂದಾಯ್ತು. ದೀಪ ಇಡ್ಲಿಕ್ಕೆ ಎಂತಾದ್ರೂ ಉಂಟಾ?" ನಾನು ಪಕ್ಕದಲ್ಲಿ ಕಂಡ ಮರದ ಪೆಟ್ಟಿಗೆ ಎಳೆದು, ನನ್ನ ಹೆಗಲಿನ ಕೆಂಪು ಶಾಲು ಹಾಸಿ, ದೀಪ ಇಟ್ಟೆ. ಅತಿಥಿಗಳು ಬತ್ತಿ ಹಚ್ಚುವಾಗ ದೀಪ ವಾಲಿತು. ಎಣ್ಣೆಯೆಲ್ಲ ಶಾಲು ನೆನೆಸಿ ಮುಚ್ಚಳದ ಸಂದಿಗೆ ಇಳಿಯಿತು. ಆ ಶಾಲನ್ನು ನಾನು ಮತ್ತೆ ಹುಡುಕಲಿಲ್ಲ.

ನಿನ್ನ ಸರದಿ ಬಂದು ನೀನು ಪೇಟಿ ಬಿಚ್ಚಿದಾಗಲೇ ನಾನು ದೀಪ ಇಟ್ಟ ಪೆಟ್ಟಿಗೆ ಯಾವುದೆಂದು ತಿಳಿದದ್ದು. ನೀನು ತುಳಿದೆ. ಒದ್ದೆ ಕೆಮ್ಮಿನಂಥ ಸದ್ದು ಬಂತು, ಅಷ್ಟೇ. "ಎಣ್ಣಿ ಹೊಡದು ಮಲಗೈತ್ರಿ, ಎಬ್ಬಸೂದು ಬ್ಯಾಡ" ಎಂದು ಸಭೆಯನ್ನು ನಗಿಸಿ ಕೆಳಗಿಳಿದೆ. ಊರಿಗೆ ಹೊರಡುವಾಗ ಪೇಟಿಯನ್ನು ನನ್ನ ಮನೆಯಲ್ಲಿ ಬಿಟ್ಟೆ. "ದನಿ ಹೋದದ್ದನ್ನ ಒಯ್ದು ಅಪ್ಪನ ಫೋಟೋಕ್ಕ ಏನ್ ಹೇಳ್ಲಿ?" ಆಮೇಲೆ ನೀನು ಯಾವ ಪೇಟಿಯನ್ನೂ ಮುಟ್ಟಲಿಲ್ಲವಂತೆ.

ಸಂಘದ ವರದಿಯಲ್ಲಿ ಅಚ್ಚಾಯಿತು: "ಅನಿವಾರ್ಯ ಕಾರಣಗಳಿಂದ ಪೇಟಿ ವಾದನ ರದ್ದಾಯಿತು." ಯಾವ ಅನಿವಾರ್ಯ? ಪ್ರತಿ ವರ್ಷದ ಸಭೆಯಲ್ಲೂ ನಾನು ಎದ್ದು ನಿಂತು ಕೇಳಿದೆ, ಕಲಾವಿದನ ಕ್ಷಮೆ ಕೇಳಿ ಎಂದು ಕೂಗಾಡಿದೆ. "ಬಸವಂತನವರ ಪೇಟಿ ಪುರಾಣ ಶುರು" ಎಂದು ಹಿಂದಿನ ಸಾಲು ನಗುತ್ತಿತ್ತು. ದೀಪ ಇಟ್ಟವರು ಯಾರು ಎಂಬುದನ್ನು ಮಾತ್ರ ನಾನು ಬಾಯಿಬಿಡಲಿಲ್ಲ. ನಿನಗೂ ಹೇಳಲಿಲ್ಲ.

ಇಂದು ಮೊದಲ ಸಲ ಅದರ ಮುಚ್ಚಳ ತೆಗೆದೆ. ಒಳಗೆ ನನ್ನ ಕೆಂಪು ಶಾಲು, ಒಗೆದು ಮಡಿಸಿ ಸ್ವರದ ಮನೆಗಳ ಮೇಲೆ ಹೊದಿಸಿಟ್ಟಿದ್ದೀಯ. ಎಣ್ಣೆಯ ಕಲೆ ಹೋಗಿಲ್ಲ. ಅಂಚಿನಲ್ಲಿ ಲಾಂಡ್ರಿಯವನು ಬರೆದ ನನ್ನ ಹೆಸರೂ ಹೋಗಿಲ್ಲ.

ಹಾಗಾದರೆ ನಿನಗೆ ಗೊತ್ತಿತ್ತು. ಐದು ವರ್ಷ ಫೋನಿನಲ್ಲಿ ನಾನು ಸಂಘವನ್ನು ಬೈಯುವಾಗಲೆಲ್ಲ "ಹೋಗ್ಲಿ ಬಿಡೋ" ಎನ್ನುತ್ತಿದ್ದೆಯಲ್ಲ, ಈರಣ್ಣ.

ಈ ಪತ್ರವನ್ನು ಸಂಘದ ಈ ವರ್ಷದ ಸಂಚಿಕೆಗೆ ಕೊಡುತ್ತಿದ್ದೇನೆ. ಒಂದಕ್ಷರ ಬಿಡದೆ ಅಚ್ಚು ಹಾಕಲಿ. ನೀನಿರುವಲ್ಲಿ ನಿನ್ನಪ್ಪ ತಿದಿ ಒತ್ತಲಿ, ನೀನು ನುಡಿಸು.

ಅಂದು ಶಾಲು ಹಾಸಿದ,
ನಿನ್ನ ಬಸವಂತ