ಎರಡು ಭಾಷೆಯ ‘ಮನೆ’

ಚಿಕ್ಕಮ್ಮಾ,

ಬೆಳಿಗ್ಗೆ ನಿಘಂಟು ಕಚೇರಿಗೆ ಬಂದು ನೋಡಿದರೆ, ನನ್ನ ಕುಂಟು ಮೇಜಿನ ಕಾಲಡಿ ಕರಡು ತಿದ್ದುವ ಅಜ್ಜ ಒಂದು ಅಚ್ಚಾದ ಹಾಳೆ ಮಡಿಸಿಟ್ಟಿದ್ದರು. ನಾನು ಕೆಡಿಸಿದ ಹಾಳೆ! ನಿಘಂಟಿನ ಚೀಟಿಗಳಲ್ಲಿ ನಮ್ಮ ‘ಮನೆ’ ಕಂಡ ಖುಷಿಗೆ, ಜಪಾನಿ ಭಾಷೆಯ ‘ಮನೆ’ಯನ್ನೂ ಅದೇ ಮೂಲಕ್ಕೆ ಸೇರಿಸಿಬಿಟ್ಟಿದ್ದೆ. ಅಲ್ಲಿ ಅದರರ್ಥ ಅನುಕರಣೆ. ನಮ್ಮ ಪದಕ್ಕೂ ಅದಕ್ಕೂ ನಂಟೇ ಇಲ್ಲ. ನಿನ್ನೆ ಸಂಪಾದಕರು ಕೂಗಾಡಿದಾಗ ಅಜ್ಜ, “ನನ್ನ ಕಣ್ಣೇ ಮಂಜಾಗಿದೆ, ಸ್ವಾಮಿ, ತಪ್ಪು ನಂದು” ಅಂದುಬಿಟ್ಟರು. ಆಮೇಲೆ ನನ್ನತ್ತ ತಿರುಗಿ, “ಒಂದೇ ಥರ ಅಂಗಿ ತೊಟ್ಟವರೆಲ್ಲ ಒಡಹುಟ್ಟಿದವರೇನಮ್ಮ?” ಎಂದು ನಕ್ಕರು. ಹೊಸಬಳ ಕೆಲಸ ಉಳಿಸಿದ ಪುಣ್ಯಾತ್ಮ. ಆದರೆ ಈಗ ಅವರನ್ನೇ ಕೆಲಸದಿಂದ ಬಿಡಿಸುತ್ತಾರಂತೆ.

ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ಊಟದ ಗಂಟೆಗೆ ಮೊದಲೇ ಸಂಪಾದಕರ ಕೋಣೆಗೆ ಹೋಗಿ, ತಪ್ಪು ನನ್ನದೆಂದು ಹೇಳುತ್ತೇನೆ.

ನಿಮ್ಮ ಮಗಳು